ಕೊಟ್ಟಿಗೆ (ನಂಜನಗೂಡು–ತಿ. ನರಸೀಪುರ ಪ್ರದೇಶ)

ಕೊಟ್ಟಿಗೆ ಎಂದರೆ ಹಸು, ಎಮ್ಮೆ, ಎತ್ತು ಮೊದಲಾದ ರಾಸುಗಳನ್ನು ಕಟ್ಟುವ ಮನೆ. ಕುದುರೆಗಳನ್ನು ಕಟ್ಟುವ ಸ್ಥಳಕ್ಕೆ ಲಾಯವೆಂದೂ, ಕುರಿಗಳನ್ನು ಕೂಡುವ ಸ್ಥಳಕ್ಕೆ ದೊಡ್ಡಿ ಅಥವಾ ರೊಪ್ಪವೆಂದೂ ಹೆಸರು. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಎರಡು ಮೂರು ರಾಸುಗಳನ್ನು ಸಾಕುವ ಸಣ್ಣ ರೈತರು ಸ್ಥಳೀಯ ಸಾಮಗ್ರಿಗಳಿಂದ ಕಡಿಮೆ ಖರ್ಚಿನಲ್ಲಿ ಕಟ್ಟಿಕೊಳ್ಳುವ ಕೊಟ್ಟಿಗೆಗಳ ರಚನೆಯನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಬಹುತೇಕ ಒಕ್ಕಲುಮನೆಗಳಲ್ಲಿ ಕೊಟ್ಟಿಗೆಯು ಮನೆಯ ಒಂದು ಅಂಗವೇ ಆಗಿತ್ತು. ತಲೆಬಾಗಿಲು ದಾಟಿದೊಡನೆ ಒಂದು ಪಕ್ಕದಲ್ಲಿ ರಾಸುಗಳಿಗೆ ತಗ್ಗಿನ ಜಾಗ, ಇನ್ನೊಂದು ಪಕ್ಕದಲ್ಲಿ ಎತ್ತರದ ಜಗುಲಿ. ಎರಡಕ್ಕೂ ಒಂದೇ ಸೂರು. ಕಳ್ಳಕಾಕರ ಮತ್ತು ಕಾಡುಪ್ರಾಣಿಗಳ ಭಯಕ್ಕೆ ಇದು ಉತ್ತರವಾಗಿದ್ದರೂ ಹೊಗೆ, ಸೊಳ್ಳೆ, ಉಣ್ಣೆಗಳ ಕಾಟ ಮನುಷ್ಯರಿಗೂ ರಾಸುಗಳಿಗೂ ಸಮನಾಗಿತ್ತು.

ಈ ಭಾಗದ ಮೂಲ ತಳಿಯಾದ ಹಳ್ಳಿಕಾರ್ ದುಡಿಮೆಗೆ ಹೆಸರಾದದ್ದು. ಬಿಸಿಲನ್ನೂ ಒಣಮೇವನ್ನೂ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ತಲಕಾಡಿನ ಸಮೀಪದ ಮುಡುಕುತೊರೆ ಜಾತ್ರೆಯಲ್ಲಿಯೂ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿಯೂ ಇಂದಿಗೂ ಹಳ್ಳಿಕಾರ್ ಜೋಡಿಗಳು ಸೇರುತ್ತವೆ. ಹಾಲಿನ ಸಹಕಾರ ಸಂಘಗಳು ಹಳ್ಳಿಗಳಿಗೆ ಬಂದ ಮೇಲೆ ಹೋಲ್‌ಸ್ಟೀನ್ ಫ್ರೀಸಿಯನ್ ಮತ್ತು ಜೆರ್ಸಿ ಮಿಶ್ರತಳಿಯ ಹಸುಗಳು ಹೆಚ್ಚಿದವು. ಇವು ಮೈಯಲ್ಲಿ ದೊಡ್ಡವು, ಕುಡಿಯುವ ನೀರೂ ಹಾಕುವ ಸಗಣಿ ಗಂಜಲವೂ ಹೆಚ್ಚು, ಬಿಸಿಲನ್ನು ಸಹಿಸುವ ಗುಣ ಕಡಿಮೆ. ಎತ್ತುಗಳಿಗೆ ಸಾಕಾಗುತ್ತಿದ್ದ ಕತ್ತಲೆಯ ಮೂಲೆ ಇವುಗಳಿಗೆ ಸಾಲದಾಯಿತು. ಮನೆಯಿಂದ ಬೇರೆಯಾದ ಕೊಟ್ಟಿಗೆಯ ಅಗತ್ಯ ಹೀಗೆ ಹುಟ್ಟಿತು. ಅದರೊಡನೆ ಸಾಲದ ಪ್ರಶ್ನೆಯೂ ಬಂದಿತು. ಹಸುವಿನ ಬೆಲೆಗಿಂತ ಕೊಟ್ಟಿಗೆಯ ಖರ್ಚು ಹೆಚ್ಚಾದರೆ ಹಾಲಿನ ಹಣ ಬಡ್ಡಿಗೇ ಹೋಗುತ್ತದೆ. ಆದುದರಿಂದ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದೇ ಇಲ್ಲಿ ಮುಖ್ಯ ವಿಚಾರ. ಗೋಡೆಯಲ್ಲಿ ಉಳಿಸಬಹುದು; ನೆಲದಲ್ಲಿ, ಮಾಡನ್ನು ಬಿಗಿಯುವ ಕಟ್ಟಿನಲ್ಲಿ ಮತ್ತು ರಾತ್ರಿಯ ಬಾಗಿಲಿನಲ್ಲಿ ಉಳಿಸಿದ ಹಣ ಸಾಮಾನ್ಯವಾಗಿ ನಷ್ಟವಾಗಿಯೇ ಪರಿಣಮಿಸುತ್ತದೆ.

ಸ್ಥಳ ಮತ್ತು ದಿಕ್ಕು

ನಂಜನಗೂಡು ಕಬಿನಿಯ ದಡದಲ್ಲಿಯೂ, ತಿ. ನರಸೀಪುರ ಕಾವೇರಿ ಕಬಿನಿಗಳ ಸಂಗಮದಲ್ಲಿಯೂ ಇವೆ. ಮುಂಗಾರಿನಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನದೀತೀರದ ತಗ್ಗುಗಳು ಮುಳುಗುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳಲ್ಲಿ ಹೀಗಾಯಿತು. ತೀರದ ಊರುಗಳಲ್ಲಿ ಹಿರಿಯರು ನೆನಪಿಟ್ಟಿರುವ ನೀರಿನ ಮಟ್ಟಕ್ಕಿಂತ ಮೇಲೆ ಕೊಟ್ಟಿಗೆಯನ್ನು ಕಟ್ಟುವುದು ಯಾವ ನಕ್ಷೆಗಿಂತಲೂ ಒಳ್ಳೆಯ ಆಧಾರ. ನಾಲೆಯ ಬಯಲುಗಳಲ್ಲಿ ಪ್ರವಾಹವಿಲ್ಲದಿದ್ದರೂ ಗದ್ದೆಯ ತೇವ ನೆಲದಡಿಯಿಂದ ಏರುವುದರಿಂದ ಕೊಟ್ಟಿಗೆಯ ನೆಲವು ಸುತ್ತಲಿನ ಭೂಮಿಗಿಂತ ಒಂದರಿಂದ ಒಂದೂವರೆ ಅಡಿಯಾದರೂ ಎತ್ತರವಿರಬೇಕು.

ಎರಡೂ ತಾಲ್ಲೂಕುಗಳಲ್ಲಿ ಕೆಂಪು ಮಣ್ಣಿನ ಜೊತೆಗೆ ಎರೆಮಣ್ಣಿನ ಪ್ರದೇಶಗಳಿವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿ ಇಟ್ಟಿಗೆಯ ಗೋಡೆ ಎಬ್ಬಿಸಿದರೆ ಎರಡನೆಯ ಬೇಸಗೆಯ ಹೊತ್ತಿಗೇ ಸೀಳು ಕಾಣಿಸಿಕೊಳ್ಳಬಹುದು. ಇಂತಹ ಕಡೆ ಗೋಡೆಯನ್ನೇ ಬಿಟ್ಟು ಕಂಬಗಳ ಮೇಲೆ ಮಾಡು ನಿಲ್ಲಿಸುವುದು ಅಗ್ಗವೂ ಹೌದು, ಬಾಳಿಕೆಯೂ ಹೌದು. ಕಂಬದ ಗುಂಡಿಯನ್ನು ಗರಸು ಸಿಗುವವರೆಗೆ ತೋಡುತ್ತಾರೆ. ನೆಲ ಹಾಕುವ ಜಾಗದ ಮೇಲ್ಪದರದ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಹೊಡೆಯುತ್ತಾರೆ.

ಕೊಟ್ಟಿಗೆಯ ಉದ್ದವು ಪೂರ್ವ–ಪಶ್ಚಿಮವಾಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಚಿಕ್ಕ ಬದಿಗಳಿಗಷ್ಟೇ ಬೀಳುತ್ತದೆ. ಈ ಬಯಲುಸೀಮೆಯ ಬೇಸಗೆಗೆ ಇದೇ ಯೋಗ್ಯವಾದ ದಿಕ್ಕು. ಬಿಸಿಲು ಕಡಿಮೆಯಿದ್ದು ಮಳೆ ಹೆಚ್ಚಿರುವ ಮಲೆನಾಡಿನಂತಹ ಕಡೆ ನೆಲ ಒಣಗಲೆಂದು ಉತ್ತರ–ದಕ್ಷಿಣವಾಗಿ ಕಟ್ಟುವುದುಂಟು. ಆ ಪದ್ಧತಿಯನ್ನು ಇಲ್ಲಿ ಅನುಸರಿಸಬೇಕಾಗಿಲ್ಲ.

ಅಳತೆ

ಪಶುಸಂಗೋಪನೆಯ ಕೈಪಿಡಿಗಳ ಪ್ರಕಾರ ಸೂರಿನಡಿಯಲ್ಲಿ ಒಂದು ಹಸುವಿಗೆ 3.5 ಚದರ ಮೀಟರ್, ಎಮ್ಮೆಗೆ 4 ಚದರ ಮೀಟರ್, ಕರುವಿಗೆ 1 ಚದರ ಮೀಟರ್ ಸ್ಥಳ ಬೇಕು. ಬಿಟ್ಟು ಸಾಕುವುದಾದರೆ ಇದರ ಎರಡರಷ್ಟು ಬಯಲು ಜಾಗ ಬೇಕು. ಎರಡು ಹಸು ಮತ್ತು ಒಂದು ಕರುವಿಗೆ 14 ಅಡಿ ಉದ್ದ, 10 ಅಡಿ ಅಗಲದ ಕೊಟ್ಟಿಗೆ ಸಾಕಾಗುತ್ತದೆ. ಹತ್ತು ಅಡಿ ಅಗಲದಲ್ಲಿ ಗೋದಲಿಗೆ ಎರಡಡಿ, ಹಸು ನಿಲ್ಲುವ ಜಾಗಕ್ಕೆ ಐದೂವರೆ ಅಡಿ, ಗಂಜಲದ ಕಾಲುವೆಗೆ ಒಂದಡಿ, ಹಿಂದೆ ಓಡಾಡಲು ಒಂದೂವರೆ ಅಡಿ. ಉದ್ದದಲ್ಲಿ ಪ್ರತಿ ರಾಸಿಗೆ ನಾಲ್ಕಡಿ ಕೊಟ್ಟರೆ ಉಳಿದ ಎರಡಡಿ ದಾರಿಗೆ ದೊರೆಯುತ್ತದೆ. ನಿಲ್ಲುವ ಜಾಗವನ್ನು ಇನ್ನೂ ಉದ್ದ ಮಾಡಿದರೆ ಸಗಣಿ ಕಾಲುವೆಗೆ ಬೀಳದೆ ಹಸುವಿನಡಿಯಲ್ಲೇ ಬೀಳುತ್ತದೆ. ಮೋಟು ಮಾಡಿದರೆ ಹಸು ಮಲಗಿದಾಗ ಕೆಚ್ಚಲು ಕಾಲುವೆಯ ಅಂಚಿಗೆ ತಾಗುತ್ತದೆ. ಸೂರಿನ ಅಂಚು ನೆಲದಿಂದ ಏಳರಿಂದ ಎಂಟು ಅಡಿ ಎತ್ತರದಲ್ಲಿರಬೇಕು.

ನೆಲ

ಕೊಟ್ಟಿಗೆಯ ಗುಣ ತಿಳಿಯುವುದು ನೆಲದಿಂದ. ಗಂಜಲ ನಿಂತ ನೆಲದಲ್ಲಿ ಗೊರಸು ಮೆತ್ತಗಾಗಿ ಹುಣ್ಣಾಗುತ್ತದೆ, ಕೆಚ್ಚಲು ಬಾವು ಬರುತ್ತದೆ, ಅಮೋನಿಯದ ಘಾಟಿನಿಂದ ಕರುಗಳು ಕೆಮ್ಮುತ್ತವೆ. ಕೆಚ್ಚಲು ಬಾವು ಬಂದ ಹಸುವಿನ ಒಂದು ಮೊಲೆ ಕೆಟ್ಟರೆ ಹಾಲು ಇಳಿಯುವುದಷ್ಟೇ ಅಲ್ಲ, ಮಾರುವಾಗ ಅದರ ಬೆಲೆಯೂ ಇಳಿಯುತ್ತದೆ. ಗೋಡೆಗೆ ಗಾರೆಯಿಲ್ಲದಿದ್ದರೆ ಹೀಗೇನೂ ಆಗುವುದಿಲ್ಲ.

ಗೋದಲಿಯ ಕಡೆಯಿಂದ ಕಾಲುವೆಯ ಕಡೆಗೆ ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಡುತ್ತಾರೆ. ಎಂದರೆ ಹತ್ತು ಅಡಿಗೆ ಮೂರು ಅಂಗುಲ. ಇದನ್ನು ನೀರುತುಂಬಿದ ಪಾರದರ್ಶಕ ಕೊಳವೆಯಿಂದ ಅಳೆದು ನೋಡಬೇಕು. ಹಳ್ಳಿಯ ಮೇಸ್ತ್ರಿಗಳು ಗೋಡೆಯ ತೂಕ ನೋಡುವಷ್ಟು ಶ್ರದ್ಧೆಯಿಂದ ನೆಲದ ಇಳಿಜಾರನ್ನು ನೋಡುವುದು ಅಪರೂಪ. ಸೈಜುಗಲ್ಲು ಮತ್ತು ಗರಸಿನ ಹಾಸಿನ ಮೇಲೆ ಮೂರಂಗುಲ ದಪ್ಪದ ಕಾಂಕ್ರೀಟು ಹಾಕಿದರೆ 140 ಚದರಡಿಗೆ ಸುಮಾರು ಒಂದು ಘನ ಮೀಟರ್ ಕಾಂಕ್ರೀಟು ಆಗುತ್ತದೆ. ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಶ್ರಣಕ್ಕೆ ಆರರಿಂದ ಏಳು ಮೂಟೆ ಸಿಮೆಂಟ್ ಹಿಡಿಯುತ್ತದೆ. ಮೇಲ್ಮೈಯನ್ನು ನುಣುಪು ಮಾಡಬಾರದು. ಹಸಿಯಿರುವಾಗಲೇ ಹಗ್ಗವನ್ನೊತ್ತಿಯೋ ಪೊರಕೆಯನ್ನೆಳೆದೋ ಗೆರೆ ಮೂಡಿಸಿದರೆ ಗಬ್ಬದ ಹಸು ಜಾರಿ ಬೀಳುವ ಅಪಾಯ ತಪ್ಪುತ್ತದೆ. ಹಳೆಯ ಕೊಟ್ಟಿಗೆಗಳ ಕಲ್ಲುಚಪ್ಪಡಿಗಳನ್ನು ಎಸೆಯಬೇಕಾಗಿಲ್ಲ. ಅವುಗಳನ್ನು ಇಳಿಜಾರಿಗೆ ಸರಿಯಾಗಿ ಮತ್ತೆ ಕೂರಿಸಿ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಖರ್ಚು ಇನ್ನೂ ಕಡಿಮೆಯಾಗುತ್ತದೆ.

ಕಾಲುವೆಯ ಗಂಜಲವನ್ನು ಹೊರಗೆ ಗುಂಡಿಗೋ ನೇರವಾಗಿ ತೆಂಗಿನ ಪಾತಿಗೋ ಮೇವಿನ ಹುಲ್ಲಿನ ತಾಕಿಗೋ ಹರಿಸುವುದು ರೂಢಿ. ತಿಪ್ಪೆಯು ಕೊಟ್ಟಿಗೆಗೆ ತೀರ ಹತ್ತಿರವಿದ್ದರೆ ನೊಣ ಹೆಚ್ಚುತ್ತದೆ.

ಕಂಬ ಮತ್ತು ಮಾಡು

ಕಂಬಗಳಿಗೆ ನೀಲಗಿರಿ ಮತ್ತು ಸಿಲ್ವರ್ ಓಕ್ ಮರ, ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಕಲ್ಲುಕಂಬ ಇವು ಬಳಕೆಯಲ್ಲಿವೆ. ಮರದ ಕಂಬದ ಬುಡ ಗಂಜಲಕ್ಕೆ ಬೇಗ ಕೊಳೆಯುತ್ತದೆ, ಗೆದ್ದಲಿಗೂ ತುತ್ತಾಗುತ್ತದೆ. ಕಲ್ಲುಕಂಬಕ್ಕೆ ಮೊದಲ ಖರ್ಚು ಹೆಚ್ಚಾದರೂ ಅದು ತಲೆಮಾರುಗಳವರೆಗೆ ನಿಲ್ಲುತ್ತದೆ.

ತೆಂಗಿನ ಸೋಗೆ, ಕಬ್ಬಿನ ತರಗು ಮತ್ತು ಭತ್ತದ ಹುಲ್ಲಿನ ಮಾಡು ಅತ್ಯಂತ ತಂಪಾದದ್ದು, ಅಗ್ಗವಾದದ್ದು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಹೊದಿಕೆ ಬದಲಿಸಬೇಕು, ಕಡಿದಾದ ಇಳಿಜಾರು ಕೊಡಬೇಕು, ಬೆಂಕಿಯ ಭಯವೂ ಉಂಟು. ಸೊಳ್ಳೆ ಓಡಿಸಲು ಕೊಟ್ಟಿಗೆಯೊಳಗೆ ಹೊಗೆ ಹಾಕುವ ಪದ್ಧತಿಯಿರುವಲ್ಲಿ ಈ ಭಯ ಸಣ್ಣದಲ್ಲ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ಮನೆಗಳಿಗೆ ಆರ್‌ಸಿಸಿ ಹಾಕಿಸುವವರು ಇಳಿಸಿದ ಹಳೆಯ ಹಂಚು ಕಡಿಮೆ ಬೆಲೆಗೆ ಸಿಗುವುದರಿಂದ ಇದು ಮಧ್ಯಮಮಾರ್ಗ. ತಗಡು ಹಗುರ, ಬೇಗ ಕೆಲಸ ಮುಗಿಯುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಅದರಡಿಯಲ್ಲಿ ಮಿಶ್ರತಳಿಯ ಹಸು ಬಾಯ್ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ. ತಗಡಿನ ಮೇಲೆ ಸುಣ್ಣ ಬಳಿಯುವುದು, ಸೋಗೆ ಹೊದಿಸುವುದು, ಬಳ್ಳಿ ಹಬ್ಬಿಸುವುದು ಉಪಾಯಗಳು. ಕಲ್ನಾರಿನ ಶೀಟು ಮುರಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ.

ಏಪ್ರಿಲ್–ಮೇ ತಿಂಗಳುಗಳ ಗುಡುಗುಮಳೆಯೊಡನೆ ಬೀಸುವ ಬಿರುಗಾಳಿ ಈ ಭಾಗದಲ್ಲಿ ಮಾಡುಗಳಿಗೆ ದೊಡ್ಡ ಶತ್ರು. ತೆರೆದ ಕೊಟ್ಟಿಗೆಯೊಳಗೆ ನುಗ್ಗಿದ ಗಾಳಿ ತಗಡನ್ನು ಕೆಳಗಿನಿಂದ ಎತ್ತುತ್ತದೆ. ಆದುದರಿಂದ ಮೊಳೆಗೆ ಬದಲಾಗಿ ಕೊಕ್ಕೆ ಬೋಲ್ಟುಗಳನ್ನು ಹಾಕಬೇಕು, ಅಡ್ಡತೊಲೆಗಳನ್ನು ಕಂಬಕ್ಕೆ ದಪ್ಪ ತಂತಿಯಿಂದ ಬಿಗಿಯಬೇಕು, ಕಂಬವನ್ನು ಎರಡೂವರೆ ಅಡಿಗಾದರೂ ಹೂಳಬೇಕು. ತಗಡಿನ ಮೇಲೆ ಕಲ್ಲು ಹೇರುವ ವಾಡಿಕೆ ಅಪಾಯಕರ. ಗಾಳಿಗೆ ತಗಡು ಎದ್ದರೆ ಕಲ್ಲು ರಾಸಿನ ಮೇಲೆಯೇ ಬೀಳುತ್ತದೆ.

ರಾತ್ರಿಯ ಭದ್ರತೆ

ತೆರೆದ ಬದಿಯ ಕೊಟ್ಟಿಗೆಗೆ ಖರ್ಚು ಕಡಿಮೆ, ಗಾಳಿ ಹೆಚ್ಚು. ಆದರೆ ತಿ. ನರಸೀಪುರ ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿಯೂ ಕುರುಚಲು ಗುಡ್ಡಗಳಲ್ಲಿಯೂ ಚಿರತೆಗಳಿವೆ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ಈ ಒಂದು ತಾಲ್ಲೂಕಿನಲ್ಲಿಯೇ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡಂಚು ಇರುವುದರಿಂದ ಹುಲಿಯ ಭಯವೂ ಇದೆ. ಚಿರತೆ ಸಾಮಾನ್ಯವಾಗಿ ಕರು, ಕುರಿ, ಮೇಕೆ, ನಾಯಿಗಳನ್ನು ಹಿಡಿಯುತ್ತದೆ. ಇಡೀ ಕೊಟ್ಟಿಗೆಗೆ ಗೋಡೆ ಕಟ್ಟಲು ಶಕ್ತಿಯಿಲ್ಲದವರು ಕರುವಿನ ಮೂಲೆಗಾದರೂ ನಾಲ್ಕೂ ಕಡೆ ಮತ್ತು ಮೇಲ್ಭಾಗಕ್ಕೆ ಕಬ್ಬಿಣದ ಜಾಲರಿ, ಒಳ್ಳೆಯ ಅಗುಳಿಯ ಬಾಗಿಲು ಹಾಕಿಸುವುದು ಅವಶ್ಯ. ಉಳಿದ ಬದಿಗಳಿಗೆ ನಾಲ್ಕಡಿ ಎತ್ತರದ ಅರೆಗೋಡೆ ಕಟ್ಟಿ ಅದರ ಮೇಲೆ ಜಾಲರಿ ಹಾಕಿದರೆ ಗಾಳಿಗೂ ಅಡ್ಡಿಯಿಲ್ಲ. ರಾತ್ರಿ ಎದ್ದು ಕೊಟ್ಟಿಗೆಗೆ ಹೋಗಬೇಕಾದವರು ಮನೆಯವರೇ ಆದುದರಿಂದ ಮನೆಯಿಂದ ಕೊಟ್ಟಿಗೆಯವರೆಗೆ ದೀಪ, ಸುತ್ತ ಪೊದೆಯಿಲ್ಲದ ಬಯಲು ಇರಬೇಕು.

ಬನ್ನೂರು ಕುರಿಯೆಂದೂ ಕರೆಯಲಾಗುವ ಬಂಡೂರು ತಳಿಯನ್ನು ಸಾಕುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕುರಿಯೊಂದಕ್ಕೆ 1 ಚದರ ಮೀಟರ್ ಜಾಗ ಸಾಕು.

ಸಹಾಯಧನ

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ವೈಯಕ್ತಿಕ ಕಾಮಗಾರಿಗಳಲ್ಲಿ ದನದ ಕೊಟ್ಟಿಗೆಯೂ ಸೇರಿತ್ತು. ಕರ್ನಾಟಕದಲ್ಲಿ ಮೊದಲು ಸಾಮಾನ್ಯ ವರ್ಗದವರಿಗೆ 19,625 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 43,000 ರೂಪಾಯಿ ನಿಗದಿಯಾಗಿತ್ತು. ಅನಂತರ ಎಲ್ಲರಿಗೂ ಒಂದೇ ಮೊತ್ತವಾಗಿ 57,000 ರೂಪಾಯಿಗೆ ಏರಿಸಲಾಯಿತು. ಉದ್ಯೋಗ ಚೀಟಿ ಹೊಂದಿದವರು ಗ್ರಾಮ ಪಂಚಾಯಿತಿಯ ಮೂಲಕ ಇದನ್ನು ಪಡೆಯುತ್ತಿದ್ದರು. ಕೂಲಿಯ ಹಣ ಮತ್ತು ಸಾಮಗ್ರಿಯ ಹಣ ಬೇರೆ ಬೇರೆಯಾಗಿ, ಕೆಲಸ ನಡೆದ ಮೇಲೆ ಬರುತ್ತಿದ್ದುದರಿಂದ ಮೊದಲ ಖರ್ಚು ರೈತನ ಕೈಯಿಂದಲೇ ಆಗಬೇಕಿತ್ತು. ಕೈಯಲ್ಲಿ ಹಣವಿಲ್ಲದವನಿಗೆ ಇದೇ ದೊಡ್ಡ ತೊಡಕು. ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರ ಮತ್ತು ಪಶುವೈದ್ಯ ಆಸ್ಪತ್ರೆಗಳಲ್ಲಿ ಕೊಟ್ಟಿಗೆಯ ವಿನ್ಯಾಸದ ಬಗ್ಗೆ ಸಲಹೆ ಕೇಳಬಹುದು.

ಕುದುರೆಯ ಲಾಯ

ಮೈಸೂರು ನಗರದಲ್ಲಿ ಟಾಂಗಾ, ಕುದುರೆ ಪಂದ್ಯ ಮತ್ತು ಪೊಲೀಸ್ ಅಶ್ವಾರೋಹಿ ದಳಗಳಿಂದಾಗಿ ಲಾಯಗಳು ಉಳಿದಿವೆ. ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಕುದುರೆ ವಿರಳ. ಕೊಟ್ಟಿಗೆಯನ್ನೇ ಲಾಯ ಮಾಡುವುದಾದರೆ ಕೆಲವು ಬದಲಾವಣೆ ಬೇಕು. ಕುದುರೆಗೆ 12 ಅಡಿ ಚೌಕದ ಕೋಣೆ, ತಟ್ಟುವಿಗೆ 10 ಅಡಿ ಚೌಕ ವಾಡಿಕೆಯ ಅಳತೆ. ಬಾಗಿಲು ನಾಲ್ಕಡಿ ಅಗಲವಿದ್ದು, ಕೆಳಗಿನ ಅರ್ಧ ಮುಚ್ಚಿ ಮೇಲಿನ ಅರ್ಧ ತೆರೆದಿಡುವಂತಿರಬೇಕು. ಕುದುರೆ ತಲೆಯೆತ್ತುವ ಪ್ರಾಣಿಯಾದುದರಿಂದ ಮಾಡು ಹತ್ತಡಿಗಿಂತ ಎತ್ತರವಿರುವುದು ಒಳ್ಳೆಯದು. ಗಟ್ಟಿ ಕಾಂಕ್ರೀಟು ಅದರ ಕಾಲುಗಳಿಗೆ ಹಿತವಲ್ಲ. ದಮ್ಮಸು ಹೊಡೆದ ಗರಸಿನ ಮೇಲೆ ಒಣಹುಲ್ಲು ಅಥವಾ ಮರದ ಪುಡಿಯನ್ನು ದಪ್ಪವಾಗಿ ಹಾಸುತ್ತಾರೆ. ಹಸುವಿನ ಕೊಟ್ಟಿಗೆಯಲ್ಲಿ ನಡೆಯುವ ಚಾಚಿದ ಮೊಳೆ, ಸಡಿಲ ತಂತಿಗಳು ಲಾಯದಲ್ಲಿ ನಡೆಯುವುದಿಲ್ಲ. ಬೆದರಿದ ಕುದುರೆ ಒದೆದಾಗ ಕಾಲು ಅವುಗಳಲ್ಲಿ ಸಿಕ್ಕಿಬೀಳುತ್ತದೆ.