ಮೊದಲು ಯಾರನ್ನು ಇಳಿಸಬೇಕು?

ಬಾದಾಮಿಗೆ ರೈಲಿನಲ್ಲಿ ಬಂದವರಿಗೆಲ್ಲ ಒಂದು ಸಂಗತಿ ಗೊತ್ತು. ರೈಲು 'ಬಾದಾಮಿ' ಎಂಬ ಫಲಕದ ಮುಂದೆ ನಿಂತರೂ ಊರು ಇನ್ನೂ ಬಂದಿರುವುದಿಲ್ಲ. ನಿಲ್ದಾಣದಿಂದ ಊರೊಳಗಿನ ಲಾಡ್ಜು, ಧರ್ಮಶಾಲೆಗಳಿಗೆ ಸುಮಾರು 5 ಕಿ.ಮೀ. ದೂರವಿದೆ. ನೂರಾರು ಮೈಲಿ ಸಾಗಿ ಬಂದ ಮುಸಾಫಿರನ ಪಾಲಿಗೆ ಆ ಕೊನೆಯ ಐದು ಕಿಲೋಮೀಟರೇ ಕಠಿಣ. ಊರು ಹೊಸದು, ಭಾಷೆ ಹೊಸದು, ಕೈಯಲ್ಲಿ ಗಂಟುಮೂಟೆ, ಮೇಲೆ ಕತ್ತಲು. ಗುಹಾಲಯಗಳನ್ನು ಕೊರೆಸಿದ ಚಾಲುಕ್ಯ ಅರಸರ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆ ಗುಹೆಗಳ ಬಾಗಿಲಿಗೆ ಪರಊರಿನವರನ್ನು ತಂದು ಮುಟ್ಟಿಸಿದವರ ಚರಿತ್ರೆಯನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ. ಈ ಬರಹದಲ್ಲಿ ನಾವು ಮಾಡಹೊರಟಿರುವುದು ಆ ಕಡೆಗೊಂದು ಸಣ್ಣ ಪ್ರಯತ್ನ.

1980ರ ದಶಕದ ಕೊನೆಯಲ್ಲಿ ನಾವು ಚಿಕ್ಕವರಿದ್ದೆವು. ನಮ್ಮದು ಇಳಕಲ್, ನಾನಿಯ ಊರು ಬಾದಾಮಿ. ಸೊಲ್ಲಾಪುರದ ನೆಂಟರ ಮನೆಯಿಂದ ಮೀಟರ್ ಗೇಜ್ ರೈಲಿನಲ್ಲಿ ನಾನಿಯ ಊರಿಗೆ ಬಂದಿಳಿದರೆ ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ಟಾಂಗಾಗಳು ಸಾಲಾಗಿ ನಿಂತಿರುತ್ತಿದ್ದವು. ಯಾರ ಪಾಳಿ ಬಂದಿದೆಯೋ ಅವರ ಗಾಡಿಯನ್ನೇ ಹತ್ತಬೇಕು. ತಲೆಗಿಷ್ಟು ಎಂದು ದರ. ಒಬ್ಬರೇ ಹೋಗುವವರು ಪೂರ್ತಿ ಗಾಡಿಯ ಬಾಡಿಗೆ ಕೊಡಬಹುದಿತ್ತು, ಆದರೆ ಹಾಗೆ ಕೊಡುವವರು ಕಡಿಮೆ. ಆ ಕಾಲದಲ್ಲಿ ವಿದೇಶಿ ಪ್ರವಾಸಿಗಳು ಹಿಡಿದು ಬರುತ್ತಿದ್ದ ಕೈಪಿಡಿಗಳಲ್ಲೂ ಬಾದಾಮಿ ಸ್ಟೇಷನ್ನಿನ ಟಾಂಗಾಗಳ ಪ್ರಸ್ತಾಪ ಇರುತ್ತಿತ್ತು.

"ಇನ್ನೊಂದು ಸವಾರಿ ಬರ್ಲಿ, ಬಿಟ್ಟೇಬಿಡ್ತೀನ್ರಿ" ಎಂದು ಟಾಂಗಾದ ಚಾಚಾ ಕೂಗುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಪುಸ್ತಕದ ಕನ್ನಡದಲ್ಲಿ ಸವಾರಿ ಎಂದರೆ ಏರಿ ಹೋಗುವ ಕ್ರಿಯೆ. ಉರ್ದುವಿನಲ್ಲಿ ಏರಿದ ಮನುಷ್ಯನೂ ಸವಾರಿಯೇ. ನಮ್ಮ ಕಡೆಯ ಟಾಂಗಾದವರು ಎರಡೂ ಅರ್ಥಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದರು. ಅವರ ಲೆಕ್ಕದಲ್ಲಿ ಬನಶಂಕರಿಗೆ ಹರಕೆ ಹೊತ್ತು ಬಂದ ಅಜ್ಜಿಯೂ ಒಂದು ಸವಾರಿ, ಸೀರೆಯ ಗಂಟು ಹೊತ್ತ ವ್ಯಾಪಾರಿಯೂ ಒಂದು ಸವಾರಿ, ಕ್ಯಾಮೆರಾ ಹಾಕಿಕೊಂಡ ಬಿಳಿಯನೂ ಒಂದೇ ಸವಾರಿ.

ಆ ಗಾಡಿಗಳಲ್ಲಿ ಬರೆಯದ ಕಾನೂನೊಂದಿತ್ತು. ಊರು ಹತ್ತಿರವಾದಾಗ ಚಾಚಾ ಹಿಂದಕ್ಕೆ ತಿರುಗಿ ಎಲ್ಲರ ಮುಖ ನೋಡುತ್ತಿದ್ದರು. ಯಾರ ಇಳಿದಾಣ ಮೊದಲು ಬರುತ್ತದೆ ಎಂಬುದು ಅವರಿಗೆ ಮುಖ್ಯವಲ್ಲ. ಯಾರ ಮಗು ಅಳುತ್ತಿದೆ, ಯಾರಿಗೆ ಮೈಯಲ್ಲಿ ಹುಷಾರಿಲ್ಲ, ಯಾವ ಹೆಣ್ಣುಮಗಳು ಒಬ್ಬಳೇ ಬಂದಿದ್ದಾಳೆ ಎಂದು ನೋಡಿ, ಅದರಂತೆ ಕುದುರೆಯ ಲಗಾಮು ಎಳೆಯುತ್ತಿದ್ದರು. ಗಟ್ಟಿ ಗಂಡಸರು ಕೊನೆಗೆ. ಅದಕ್ಕಾಗಿ ಯಾರೂ ಗೊಣಗಿದ್ದನ್ನು ನಾವು ಕೇಳಲಿಲ್ಲ.

ಅಪರಿಚಿತರು ಒಟ್ಟಾಗಿ ದಾರಿ ಸವೆಸುವುದು ಈ ನೆಲಕ್ಕೆ ಹೊಸದಲ್ಲ. ಹುನಗುಂದ ಸೀಮೆಯ ಐಹೊಳೆಯನ್ನು ನಾವು ದೇವಾಲಯಗಳ ಊರೆಂದು ತಿಳಿದಿದ್ದೇವೆ. ಆದರೆ ದೂರದೇಶಗಳಿಗೆ ಆ ಊರಿನ ಹೆಸರು ಮುಟ್ಟಿದ್ದು ವ್ಯಾಪಾರಿಗಳಿಂದ. 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಉಲ್ಲೇಖ ದಕ್ಷಿಣ ಭಾರತದುದ್ದಕ್ಕೂ ಶಾಸನಗಳಲ್ಲಿದೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನವೂ ಈ ಐನೂರ್ವರದೇ. ಎತ್ತು, ಕತ್ತೆ, ಕೋಣಗಳ ಮೇಲೆ ಸರಕು ಹೇರಿ, ಕಾವಲಿಗೆ ಆಳುಗಳನ್ನಿಟ್ಟುಕೊಂಡು, ಗುಂಪಾಗಿ ನಡೆದವರು ಇವರು. ಒಬ್ಬಂಟಿ ವ್ಯಾಪಾರಿ ಕಳ್ಳರ ಪಾಲಾಗುತ್ತಿದ್ದ ಕಾಲದಲ್ಲಿ ಕೂಡಿ ನಡೆಯುವುದೇ ರಕ್ಷೆ. ಹಲವು ನಾಡುಗಳಲ್ಲಿ ತಿರುಗುವ ಇವರನ್ನು ಶಾಸನಗಳು 'ನಾನಾದೇಶಿ' ಎಂದು ಕರೆದವು. ಕರಾವಳಿಯ ಕನ್ನಡ ಶಾಸನಗಳಲ್ಲಿ 'ಹಂಜಮಾನ' ಎಂಬ ಹೆಸರಿನಲ್ಲಿ ಮುಸ್ಲಿಂ ವರ್ತಕರ ಸಂಘಗಳೂ ಕಾಣಿಸುತ್ತವೆ. ಬೇರೆ ಬೇರೆ ಜನ ಒಂದೇ ದಾರಿಯನ್ನೂ ಒಂದೇ ಸಂತೆಯನ್ನೂ ಹಂಚಿಕೊಂಡಿದ್ದಕ್ಕೆ ನಮ್ಮ ಕಲ್ಲುಗಳೇ ಸಾಕ್ಷಿ.

ಇದಾಗಿ ಎಷ್ಟೋ ಶತಮಾನಗಳ ಮೇಲೆ, ಜೇಮ್ಸ್ ಬರ್ಜೆಸ್ ಎಂಬ ವಿದ್ವಾಂಸ ಈ ಭಾಗದ ದೇವಾಲಯ, ಗುಹೆಗಳನ್ನು ಅಳೆದು ಬರೆದುಕೊಂಡು ಹೋದದ್ದು 1874ರಲ್ಲಿ. ಆಗ ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. ರೈಲು ಇನ್ನೂ ಬಂದಿರಲಿಲ್ಲ. ಅದರ ಬೆನ್ನಿಗೇ 1876ರಿಂದ 1878ರವರೆಗೆ ಭೀಕರ ಬರ ಬಿತ್ತು. ಕಲಾದಗಿ ಜಿಲ್ಲೆ ಅದರಲ್ಲಿ ತುಂಬ ನೊಂದಿತು. ಬೇರೆಡೆ ಧಾನ್ಯವಿದ್ದರೂ ಇಲ್ಲಿಗೆ ಸಕಾಲದಲ್ಲಿ ತಂದು ಮುಟ್ಟಿಸಲು ದಾರಿ ಇರಲಿಲ್ಲ. ಆ ಪಾಠ ಕಲಿತ ಮೇಲೆಯೇ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಿಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬಿತ್ತು. 1880ರ ದಶಕದ ಮಾತಿದು. ಹಸಿವಿನ ಸಲುವಾಗಿ ಬಂದ ಹಳಿ ಅದು, ಗುಹೆ ನೋಡುವವರ ಸಲುವಾಗಿ ಬಂದದ್ದಲ್ಲ. ಧಾನ್ಯದ ಚೀಲಕ್ಕೆ ನಿಲ್ದಾಣ ಊರಿನಿಂದ ಐದು ಕಿ.ಮೀ. ದೂರವಿದ್ದರೂ ನಡೆಯುತ್ತದೆ, ಮನುಷ್ಯನಿಗೆ ನಡೆಯುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಟಾಂಗಾ. ಸರಕಾರ ಹಳಿ ಹಾಕಿತು, ಕಂಪನಿ ರೈಲು ಓಡಿಸಿತು. ಕೊನೆಯ ತುಂಡು ದಾರಿ ಬಡವನ ಕುದುರೆಯ ಪಾಲಿಗೆ ಬಂತು.

ಬೇರೆ ದೇಶಗಳಲ್ಲೂ ಕಥೆ ಹೆಚ್ಚುಕಡಿಮೆ ಹೀಗೆಯೇ ಇದೆ. ಫ್ರಾನ್ಸಿನ ನಾಂತ್ ನಗರದ ಹೊರಗೆ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಬಿಸಿನೀರಿನ ಸ್ನಾನಗೃಹ ನಡೆಸುತ್ತಿದ್ದ. ಗಿರಾಕಿಗಳನ್ನು ಕರೆತರಲು 1826ರಲ್ಲಿ ಒಂದು ಕುದುರೆಗಾಡಿ ಇಟ್ಟ. ಸ್ನಾನಕ್ಕೆ ಬರುವವರಿಗಿಂತ ನಡುದಾರಿಯಲ್ಲೇ ಹತ್ತಿ ಇಳಿಯುವವರು ಹೆಚ್ಚಾದದ್ದನ್ನು ಕಂಡು, ಗಾಡಿ ಓಡಿಸುವುದನ್ನೇ ಕಸುಬು ಮಾಡಿಕೊಂಡ. ಆ ಗಾಡಿಗೆ 'ಆಮ್ನಿಬಸ್' ಎಂಬ ಹೆಸರು ನಿಂತಿತು. ಅದು ಲ್ಯಾಟಿನ್ ಮಾತು, 'ಎಲ್ಲರಿಗಾಗಿ' ಎಂದು ಅರ್ಥ. ನಾವು ದಿನಾ ಹತ್ತುವ ಬಸ್ಸು ಆ ಶಬ್ದದ ಬಾಲ. ಮುಂದೆ ರೈಲು ಬಂದಾಗ ಅಮೆರಿಕದ ಹೋಟೆಲುಗಳು ನಿಲ್ದಾಣಕ್ಕೆ ತಮ್ಮ ಆಮ್ನಿಬಸ್ಸುಗಳನ್ನು ಕಳಿಸುತ್ತಿದ್ದವು. ವಿಮಾನ ಬಂದ ಮೇಲೆ ಅದೇ ಪದ್ಧತಿ ವ್ಯಾನಿಗೆ ದಾಟಿತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ 'ಸೂಪರ್‌ಶಟಲ್' ಎಂಬ ನೀಲಿ ವ್ಯಾನುಗಳು ವಿಮಾನ ನಿಲ್ದಾಣದಲ್ಲಿ ಅಪರಿಚಿತರನ್ನು ಒಟ್ಟಿಗೆ ಕೂರಿಸಿಕೊಂಡು, ಒಬ್ಬೊಬ್ಬರನ್ನೇ ಅವರವರ ಹೋಟೆಲಿನ ಬಾಗಿಲಿಗೆ ಬಿಡುತ್ತಿದ್ದವು. ನಮ್ಮ ಬಾದಾಮಿಯ ಟಾಂಗಾ ಮಾಡುತ್ತಿದ್ದುದೂ ಇದನ್ನೇ.

ಟಾಂಗಾದ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಹುಲ್ಲು, ಕಡಲೆಯ ಬೆಲೆ ಏರಿತು, ರಸ್ತೆಗೆ ಆಟೋ ಬಂತು. 2000ದ ದಶಕದಲ್ಲಿ ಹಳಿಯೂ ಬ್ರಾಡ್ ಗೇಜ್ ಆಯಿತು. ಕುದುರೆ ಮಾರಿದವರಲ್ಲಿ ಕೆಲವರು ಸಾಲ ಮಾಡಿ ಟಂಟಂ ಕೊಂಡರು. ನಮ್ಮ ಜಿಲ್ಲೆಯವರಿಗೆ ಟಂಟಂ ಎಂದರೆ ವಿವರಿಸಬೇಕಿಲ್ಲ. ಹಿಂದೆ ಎದುರುಬದುರು ಸೀಟಿರುವ, ಮೂರು ಗಾಲಿಯ ಆ ಗಾಡಿ ಟಾಂಗಾದ ನೇರ ವಾರಸುದಾರ. ಪಾಳಿ ಅದೇ, ತಲಾ ದರ ಅದೇ, 'ಇನ್ನೊಬ್ರು ಬರ್ರಿ' ಎಂಬ ಕೂಗೂ ಅದೇ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಜನ ಮನೆ, ಅಂಗಡಿ ಬಿಟ್ಟು ನವನಗರಕ್ಕೆ ಹೋಗಬೇಕಾದಾಗ, ಒಡೆದ ಊರಿನ ಎರಡು ತುಂಡುಗಳನ್ನು ದಿನವೂ ಹೊಲಿದದ್ದು ಈ ಟಂಟಂಗಳೇ. ನೆಂಟರು ಚದುರಿದ್ದರು, ಗಿರಾಕಿಗಳು ಚದುರಿದ್ದರು. ಗಾಡಿಯೊಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಾಗ ಮಾತ್ರ ಹಳೆಯ ಓಣಿ ಮತ್ತೆ ಕೂಡುತ್ತಿತ್ತು.

ಕಾನೂನು ಮಾತ್ರ ಈ ಗಾಡಿಗಳನ್ನು ಎಂದೂ ನೆಮ್ಮದಿಯಿಂದ ಬಿಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಬಾಡಿಗೆ ಗಾಡಿಗಳನ್ನು ಎರಡು ಬಗೆಯಾಗಿ ನೋಡುತ್ತದೆ. ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತ ತಲಾ ದರ ಪಡೆಯುವುದು ಒಂದು ಬಗೆ. ಒಪ್ಪಂದದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಪರವಾನಗಿ ಪಡೆದವರು ನಡುದಾರಿಯಲ್ಲಿ ಹತ್ತಿಸಿ ಇಳಿಸುವಂತಿಲ್ಲ. ಟಂಟಂನವನು ಅದನ್ನೇ ಮಾಡುತ್ತ ದಂಡ ಕಟ್ಟುತ್ತ ಬಂದ. ಪ್ರಯಾಣಿಕರನ್ನು ತಲೆಯ ಮೇಲೆ ತಲೆ ಇಟ್ಟಂತೆ ತುಂಬಿದ ಅವನ ತಪ್ಪನ್ನು ನಾವು ಮುಚ್ಚುವುದಿಲ್ಲ. ಆ ತಪ್ಪಿಗೆ ಜೀವಗಳೂ ಹೋಗಿವೆ. ಆದರೆ ಹಂಚಿಕೊಂಡು ಹೋಗುವುದೇ ತಪ್ಪು ಎಂಬಂತೆ ಅವನನ್ನು ನೋಡಿದ್ದು ಸರಿಯೇ? ಮುಂದೆ ಇದೇ ತಕರಾರು ದೊಡ್ಡವರಿಗೂ ತಾಗಿತು. ಮೊಬೈಲ್ ಆ್ಯಪಿನ ಟ್ಯಾಕ್ಸಿ ಕಂಪನಿಗಳು ಬೆಂಗಳೂರಿನಲ್ಲಿ ಅಪರಿಚಿತರನ್ನು ಒಂದೇ ಕಾರಿನಲ್ಲಿ ಕೂರಿಸಲು ಆರಂಭಿಸಿದಾಗ, 2017ರ ಮೊದಲಲ್ಲಿ ರಾಜ್ಯದ ಸಾರಿಗೆ ಇಲಾಖೆ ಅದೇ ಪರವಾನಗಿಯ ಕಾರಣಕ್ಕೆ ಆಕ್ಷೇಪಿಸಿತು. ಆಗ ಪತ್ರಿಕೆಗಳು ಅದನ್ನು ಹೊಸ ಆವಿಷ್ಕಾರಕ್ಕೆ ಬಂದ ಅಡ್ಡಿ ಎಂಬಂತೆ ಚರ್ಚಿಸಿದವು. ಟಂಟಂನವನ ಪರವಾಗಿ ಅಂಥ ಚರ್ಚೆ ನಡೆದದ್ದು ನಮಗೆ ನೆನಪಿಲ್ಲ.

ಈಗ ವಿಮಾನದ ಕಾಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದಾಗ ಊರು ಮೂವತ್ತಕ್ಕೂ ಹೆಚ್ಚು ಕಿ.ಮೀ. ದೂರವಾಯಿತು. ಮಹಾನಗರ ಸಾರಿಗೆಯವರು 'ವಾಯು ವಜ್ರ' ಬಸ್ಸುಗಳನ್ನು ಬಿಟ್ಟರು. 2013ರಲ್ಲಿ ಅಲ್ಲಿಂದ ನೇರ ಮೈಸೂರಿಗೆ 'ಫ್ಲೈಬಸ್' ಬಂತು. ಇವುಗಳ ದರ ಎಲ್ಲರಿಗೂ ಗೊತ್ತಿರುವ ದರ, ಹೊಸಬನೂ ಹಳಬನೂ ಒಂದೇ ಕೊಡುತ್ತಾರೆ. ಹಂಚಿಕೊಂಡು ಹೋಗುವ ಗಾಡಿಯ ದೊಡ್ಡ ಗುಣವೇ ಇದು. ಪೂರ್ತಿ ಗಾಡಿ ಹಿಡಿದವನ ದರ ಅವನಿಗೂ ಚಾಲಕನಿಗೂ ನಡುವಿನ ಗುಟ್ಟು, ಆ ಗುಟ್ಟಿನಲ್ಲಿ ಸೋಲುವವನು ಯಾವಾಗಲೂ ಪರಊರಿನವನೇ. ತಲಾ ದರಕ್ಕೆ ಮಾತ್ರ ಪಕ್ಕದಲ್ಲಿ ಕುಳಿತವರೆಲ್ಲ ಸಾಕ್ಷಿ. ಆದರೂ ಜಗತ್ತು ಒಬ್ಬೊಬ್ಬರೇ ಹೋಗುವ ಕಡೆಗೆ ವಾಲಿದೆ. ಆ್ಯಪ್ ಟ್ಯಾಕ್ಸಿಗಳ ಪೈಪೋಟಿಯಲ್ಲಿ ಸೋತ ಸೂಪರ್‌ಶಟಲ್ 2019ರ ಕೊನೆಗೆ ತನ್ನ ನೀಲಿ ವ್ಯಾನುಗಳನ್ನು ನಿಲ್ಲಿಸಿತು. ನಮ್ಮಲ್ಲಿ ಆ್ಯಪಿನ ಹಂಚಿಕೆ ಸವಾರಿ 2020ರ ಕೊರೊನಾ ಬಂದಾಗ ನಿಂತಿತು.

ಬಾದಾಮಿಗೆ ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿಯದು. ಹತ್ತಿರ ಎಂದರೂ ನೂರು ಕಿ.ಮೀ.ಗೆ ಕಡಿಮೆಯಿಲ್ಲ. ಈಚೆಗೆ ಒಂದು ಸಂಜೆ ನಾವು ಅಲ್ಲಿ ಇಳಿದೆವು. ಹೊರಗೆ ನಿಂತ ಟ್ಯಾಕ್ಸಿಗಳು ಕೇಳಿದ ಬಾಡಿಗೆ ನಮ್ಮ ವಿಮಾನದ ಟಿಕೆಟ್ಟಿನ ಹತ್ತಿರಕ್ಕೆ ಬಂದಿತ್ತು. ಪಕ್ಕದಲ್ಲಿ ಬನಶಂಕರಿಗೆ ಹೊರಟ ವೃದ್ಧ ದಂಪತಿ, ಪಟ್ಟದಕಲ್ಲಿನ ಗುಡಿಗಳನ್ನು ನೋಡಬಂದ ಒಬ್ಬ ವಿದ್ಯಾರ್ಥಿನಿ ಇದೇ ಚಿಂತೆಯಲ್ಲಿ ನಿಂತಿದ್ದರು. ನಾಲ್ವರೂ ಮಾತಾಡಿಕೊಂಡು ಒಂದೇ ಗಾಡಿ ಹಿಡಿದೆವು. ಬಾಡಿಗೆ ನಾಲ್ಕು ಪಾಲಾಯಿತು. ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಅಜ್ಜಿ ತಮ್ಮ ಬುತ್ತಿಯ ಗಂಟು ಬಿಚ್ಚಿ ಎಲ್ಲರಿಗೂ ಚಕ್ಕುಲಿ ಹಂಚಿದರು.

ಬಾದಾಮಿ ಮುಟ್ಟಿದಾಗ ರಾತ್ರಿ ಒಂಬತ್ತು ದಾಟಿತ್ತು. ಫೋನಿನ ನಕಾಶೆಯ ಪ್ರಕಾರ ಅಜ್ಜ-ಅಜ್ಜಿಯ ಲಾಡ್ಜು ಮೊದಲು, ಹುಡುಗಿಯದು ಕೊನೆ. ಚಾಲಕ ಗಾಡಿ ನಿಧಾನ ಮಾಡಿದ. ಅಷ್ಟರಲ್ಲಿ ಅಜ್ಜಿ ಹೇಳಿದರು, "ನಮ್ಮನ್ನ ಆಮ್ಯಾಲ ಬಿಡಪ್ಪಾ. ಮೊದಲ ಆ ಕೂಸಿನ್ನ ಮುಟ್ಟಸು. ಬಾಗಲಾ ತೆಗದ್ರು ಅನ್ನೂದು ನೋಡಿ ಗಾಡಿ ತಿರುಗಸು." ಅವನೂ ನಕ್ಕು, "ನಾನೂ ಅದನ್ನ ಅನ್ನಾಂವ ಇದ್ನಿ, ಯವ್ವಾ" ಎಂದ. ಮೂವತ್ತೈದು ವರ್ಷಗಳ ಹಿಂದಿನ ಟಾಂಗಾದ ಚಾಚಾ ನಮ್ಮೆದುರು ಬಂದು ನಿಂತಂತಾಯಿತು.

ಕೊನೆಗೆ ನಾವೊಬ್ಬರೇ ಉಳಿದೆವು. ಮೊದಲೇ ಫೋನು ಮಾಡಿಟ್ಟಿದ್ದ ಲಾಡ್ಜಿನಲ್ಲಿ ರಿಜಿಸ್ಟರಿಗೆ ಹೆಸರು ಬರೆದ ಮೇಲೆ, ರೂಮು ಖಾಲಿ ಇಲ್ಲ ಎಂಬ ಉತ್ತರ ಬಂತು. ಅದಕ್ಕೆ ಕಾರಣವನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಚೀಲ ಹಿಡಿದು ಹೊರಬಂದರೆ ಗಾಡಿ ಇನ್ನೂ ಅಲ್ಲೇ ನಿಂತಿತ್ತು. ಬಾಡಿಗೆ ಆಗಲೇ ಚುಕ್ತಾ ಆಗಿತ್ತು, ನಿಲ್ಲುವ ಅಗತ್ಯ ಅವನಿಗಿರಲಿಲ್ಲ. "ಬಾಗಲಾ ತೆಗೀತಾರೋ ಇಲ್ಲೋ ನೋಡೂಣಂತ ನಿಂತಿದ್ನಿ, ಕೂಡ್ರಿ ಸಾಹೇಬ್ರ" ಎಂದ. ಎರಡು ಓಣಿ ಸುತ್ತಿ ಇನ್ನೊಂದು ಕಡೆ ರೂಮು ಕೊಡಿಸಿದ. ಹೆಚ್ಚಿನ ಹಣ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡ. ಅವನ ಹೆಸರು, ಜಾತಿ ನಮಗೆ ತಿಳಿಯದು. ಅವನೂ ನಮ್ಮದನ್ನು ವಿಚಾರಿಸಲಿಲ್ಲ.

ಹುಬ್ಬಳ್ಳಿಯಿಂದ ಬಾದಾಮಿಗೆ, ಅಲ್ಲಿಂದ ಪಟ್ಟದಕಲ್ಲು, ಐಹೊಳೆಗಳಿಗೆ ವಿಮಾನದ ವೇಳೆಗೆ ಹೊಂದುವ, ತಲಾ ದರದ ಗಾಡಿ ಬೇಕು. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಜಗತ್ತನ್ನು ನೋಡಲು ಕರೆದವರು ಬಂದವರನ್ನು ಬಾಗಿಲವರೆಗೆ ಮುಟ್ಟಿಸುವ ಹೊಣೆಯನ್ನೂ ಹೊರಬೇಕಲ್ಲವೇ? ಸರಕಾರ ಬಸ್ಸು ಕೊಡಲಿ, ಟಂಟಂ ಮತ್ತು ಟ್ಯಾಕ್ಸಿಯವರಿಗೆ ಸರಳವಾದ ಪರವಾನಗಿ ಕೊಡಲಿ, ಸೀಟಿನ ಮಿತಿಯನ್ನು ಬಿಗಿಯಾಗಿ ಪಾಲಿಸಲಿ, ದರವನ್ನು ಫಲಕದ ಮೇಲೆ ಬರೆಸಲಿ. ಇಷ್ಟನ್ನು ಕಾನೂನಿನಿಂದ ಮಾಡಬಹುದು. ಮೊದಲು ಯಾರನ್ನು ಇಳಿಸಬೇಕು, ಇಳಿಸಿದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಯಾವ ಫಲಕದ ಮೇಲೂ ಬರೆಯಲಾಗದು. ಅದನ್ನು ಒಂದೇ ಗಾಡಿಯಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಯೇ ಕಲಿಯಬೇಕು. ಒಟ್ಟಿಗೆ ಕೂರುವ ಗಾಡಿಗಳೇ ಇಲ್ಲವಾದರೆ ಅದನ್ನು ನಮ್ಮ ಮಕ್ಕಳು ಎಲ್ಲಿ ಕಲಿತಾರು?