ಆರಾಧನೆಯ ಹಾಡೂ ಆಕಾಶವಾಣಿಯೂ

ಕವಿಯೋ ಗಾಯಕನೋ ಹುಟ್ಟಿದ ದಿನವನ್ನಾಗಲಿ ಕಾಲವಾದ ದಿನವನ್ನಾಗಲಿ ನೆನೆದು, ಆ ದಿನ ಅವನ ಹಾಡುಗಳನ್ನೇ ಆಯ್ದು, ಒಂದು ಕ್ರಮದಲ್ಲಿ ಪೋಣಿಸಿ ಜನರಿಗೆ ಕೇಳಿಸುವ ಪದ್ಧತಿಯು ಬಾನುಲಿಯಿಂದಲೇ ಹುಟ್ಟಿತೆಂದು ಹಲವರು ಬಗೆಯುವರು. ಹಾಗೆ ಬಗೆಯಲು ಕಾರಣವೂ ಉಂಟು. ಅಮೇರಿಕೆಯ ಬಾನುಲಿ ನಿಲಯಗಳು ರಾಕ್ ಎಂಬ ತಮ್ಮ ಸಂಗೀತಕ್ಕೆ ಒಂದು ಪಂಚಾಂಗವನ್ನೇ ಕಟ್ಟಿಕೊಂಡಿವೆ. 1959ರ ಫೆಬ್ರವರಿ 3ರಂದು ವಿಮಾನಾಪಘಾತದಲ್ಲಿ ಮಡಿದ ಬಡ್ಡಿ ಹಾಲಿ, 1977ರ ಆಗಸ್ಟ್ 16ರಂದು ತೀರಿಕೊಂಡ ಎಲ್ವಿಸ್ ಪ್ರೀಸ್ಲಿ, 1980ರ ಡಿಸೆಂಬರ್ 8ರಂದು ಗುಂಡೇಟಿಗೆ ಬಲಿಯಾದ ಜಾನ್ ಲೆನನ್, ಇವರ ದಿನಗಳು ಬಂದುವೆಂದರೆ ಅಲ್ಲಿ ಅವರವರ ಹಾಡುಗಳೇ ಹರಿಯುವುವು. ನಮ್ಮ ದೇಶದಲ್ಲಿಯೂ ಜುಲೈ 31 ಬಂದರೆ ಮಹಮ್ಮದ್ ರಫಿ, ಏಪ್ರಿಲ್ 24 ಬಂದರೆ ರಾಜಕುಮಾರ್. ಆದರೆ ಇಲ್ಲಿ ಹೊಸದೆನ್ನಬೇಕಾದದ್ದು ಯಂತ್ರ ಮಾತ್ರ. ಪದ್ಧತಿಯು ಬಹು ಹಳೆಯದು. ರಾಯಚೂರು ಜಿಲ್ಲೆಯ ಮನೆಮನೆಗೂ ಪರಿಚಿತವಾದದ್ದು.

ಈ ಜಿಲ್ಲೆಯನ್ನು ದಾಸಸಾಹಿತ್ಯದ ಎರಡನೆಯ ತವರೆಂದರೆ ಅತಿಶಯೋಕ್ತಿಯಾಗದು. ಹಂಪೆಯಲ್ಲಿ 1564ರಲ್ಲಿ ಪುರಂದರದಾಸರು ಕಾಲವಾದ ಮೇಲೆ ಬಹುಕಾಲ ಕ್ಷೀಣವಾಗಿದ್ದ ಆ ಪರಂಪರೆಯು ಮಾನವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರಿಂದ (1682–1755) ಮರಳಿ ಚಿಗುರಿತು. ಅವರ ಶಿಷ್ಯರು ಗೋಪಾಲದಾಸರು. ಗೋಪಾಲದಾಸರ ಅನುಗ್ರಹಕ್ಕೆ ಪಾತ್ರರಾದವರು ಬ್ಯಾಗವಾಟದ ಜಗನ್ನಾಥದಾಸರು (1728–1809). ಜಗನ್ನಾಥದಾಸರ ಶಿಷ್ಯರು ಲಿಂಗಸುಗೂರಿನ ಪ್ರಾಣೇಶದಾಸರು. ಹೀಗೆ ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ಹಾಡು ವರ್ಷಕ್ಕೊಮ್ಮೆ ಗುರುವಿನ ದಿನದಂದು ಅವನ ಹೆಸರಿನಲ್ಲಿಯೇ ಎದ್ದು ನಿಲ್ಲುತ್ತಿತ್ತು. ಪುಷ್ಯ ಬಹುಳ ಅಷ್ಟಮಿಯು ಉತ್ತನೂರಿನ ಗೋಪಾಲದಾಸರದು. ಪುಷ್ಯ ಅಮಾವಾಸ್ಯೆಯು ಪುರಂದರರದು. ಭಾದ್ರಪದ ಶುದ್ಧ ನವಮಿಯು ಮಾನವಿಯ ಜಗನ್ನಾಥದಾಸರದು. ಕಾರ್ತಿಕ ಶುದ್ಧ ದಶಮಿಯು ಚಿಪ್ಪಗಿರಿಯ ವಿಜಯದಾಸರದು. ಆ ದಿನದ ಹಾಡುಗಳ ಆಯ್ಕೆಗೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಡವಾಗಿತ್ತು. ತಂಬೂರಿ, ತಾಳ, ಗೆಜ್ಜೆಗಳೊಡನೆ ಗುರುಸ್ತುತಿಯಿಂದ ತೊಡಗಿ, ಆರಾಧ್ಯರ ಕೃತಿಗಳಲ್ಲಿ ನೆಲೆನಿಂತು, ಮಂಗಳದಲ್ಲಿ ಮುಗಿಸುವುದು ಕ್ರಮ. ಇರುಳು ಉದ್ದವಿದ್ದರೆ ಹಾಡೂ ಉದ್ದ. ತಾಳದಿಂದ ತಾಳಕ್ಕೆ ಸಾಗುವ ದೀರ್ಘವಾದ ಸುಳಾದಿಗಳೂ, ತಾಳದ ಕಟ್ಟೇ ಇಲ್ಲದ ಉಗಾಭೋಗಗಳೂ, ಹೆಂಗಸರು ಬಾಯಿಪಾಠವಾಗಿ ಉಳಿಸಿಕೊಂಡ ಕಥನದ ಹಾಡುಗಳೂ ಆ ಇರುಳಿನಲ್ಲಿ ಎಡೆ ಪಡೆಯುತ್ತಿದ್ದುವು.

ನಿಯತವಾದ ದಿನದಂದು ಜನರೆಲ್ಲ ಕೂಡಿ ಕೇಳಬೇಕೆಂಬ ವಿಧಿಯು ಇದಕ್ಕಿಂತಲೂ ಪ್ರಾಚೀನವಾದದ್ದು. ರಾಕ್ ಎಂದರೆ ಬಂಡೆಯಷ್ಟೆ. ಬಂಡೆಯೆಂದೊಡನೆ ಈ ಭಾಗದವರಿಗೆ ನೆನಪಾಗುವುದು ಮಸ್ಕಿ. ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಈ ಊರಿನಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು 1915ರಲ್ಲಿ ಕಂಡ ಶಾಸನದಿಂದಲೇ ದೇವಾನಾಂಪ್ರಿಯನೆಂಬವನು ಅಶೋಕನೆಂಬುದು ನಿಸ್ಸಂದೇಹವಾಯಿತು. ಅದೇ ಅರಸನು ಕಳಿಂಗದ ಧೌಲಿಯ ಬಂಡೆಯ ಮೇಲೆ, ತಿಷ್ಯ ನಕ್ಷತ್ರದ ದಿನದಂದು ಈ ಲೇಖವನ್ನು ಜನರು ಕೇಳತಕ್ಕದ್ದೆಂದು ಬರೆಯಿಸಿದನು. ಕಲ್ಲು ತಾನಾಗಿ ನುಡಿಯದು. ಓದಿ ಹೇಳುವವನೊಬ್ಬನು ಬೇಕು. ಬಾನುಲಿಯಲ್ಲಿ ಆ ಕೆಲಸವನ್ನು ನಿರೂಪಕನು ವಹಿಸಿಕೊಂಡನೆನ್ನಬಹುದು.

ಈ ಸೀಮೆಗೆ ಬಾನುಲಿಯು ಕನ್ನಡವನ್ನು ಹೊತ್ತು ಬರಲು ತಡವಾಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ನಿಲಯವನ್ನು ಹೂಡಿ ಅದಕ್ಕೆ ಆಕಾಶವಾಣಿಯೆಂಬ ಹೆಸರನ್ನು ಬಳಕೆಗೆ ತಂದರು. ಅದೇ ವರ್ಷ ಹೈದರಾಬಾದಿನಲ್ಲಿ ನಿಜಾಮರ ಸರಕಾರವು ಬಾನುಲಿಯನ್ನು ಕೈಗೆತ್ತಿಕೊಂಡಿತು. ಸಿಂಧನೂರು, ಲಿಂಗಸುಗೂರುಗಳು ಆಗ ನಿಜಾಮರ ಆಳಿಕೆಗೆ ಒಳಪಟ್ಟಿದ್ದುವು. ಉರ್ದುವೇ ರಾಜಭಾಷೆಯಾಗಿದ್ದ ಆ ಸಂಸ್ಥಾನದ ಡೆಕ್ಕನ್ ರೇಡಿಯೋದಲ್ಲಿ ಉರ್ದುವಿಗೇ ಅಗ್ರಸ್ಥಾನವಿದ್ದುದು ಆಶ್ಚರ್ಯವಲ್ಲ; ಕನ್ನಡದ ಪಾಲು ಅಲ್ಪವಾಗಿತ್ತು. 1948ರ ಪೊಲೀಸ್ ಕಾರ್ಯಾಚರಣೆಯ ತರುವಾಯ, 1950ರಲ್ಲಿ, ಅದು ಅಖಿಲ ಭಾರತದ ಬಾನುಲಿಯಲ್ಲಿ ಲೀನವಾಯಿತು. ಅದೇ ವರ್ಷದ ಜನವರಿ 8ರಂದು ಧಾರವಾಡದಲ್ಲಿ ನಿಲಯವು ತೆರೆಯಿತು. ರಾಯಚೂರು ಜಿಲ್ಲೆಯು ಕನ್ನಡ ನಾಡಿನ ಆಡಳಿತಕ್ಕೆ ಕೂಡಿಕೊಳ್ಳಲು 1956ರ ನವೆಂಬರಿನವರೆಗೆ ಕಾಯಬೇಕಾಯಿತು. ಬಾನುಲಿಯ ಅಲೆಗಳಿಗೆ ಗಡಿಯ ಸುಂಕದ ಕಟ್ಟೆ ಇರಲಿಲ್ಲ. ಗುಲಬರ್ಗೆಯ ನಿಲಯವು 1966ರಲ್ಲಿ ಬಂದಿತು, ರಾಯಚೂರಿನ ಎಫ್‌ಎಂ ನಿಲಯವು ಅದಕ್ಕೂ ಬಹಳ ತಡವಾಗಿ.

ಬಂದ ಬಾನುಲಿಯು ಈ ನಾಡಿಗೆ ಮಾಡಿದ ಉಪಕಾರವನ್ನು ಮರೆಯಲಾಗದು. ವಚನಗಾಯನವನ್ನೇ ನೋಡಬಹುದು. ವಚನವು ಪದ್ಯದ ಕಟ್ಟಿಗೆ ಒಳಗಾದುದಲ್ಲ. ಅದನ್ನು ರಾಗದಲ್ಲಿ ನಿಲ್ಲಿಸುವುದು ಸುಲಭಸಾಧ್ಯವಲ್ಲ. ಮಲ್ಲಿಕಾರ್ಜುನ ಮನಸೂರರೂ, ರಾಯಚೂರು ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರೂ (1918–1988) ಸಾಧಿಸಿದ ಆ ಗಾಯನವನ್ನು ಬಸವ ಜಯಂತಿಯ ದಿನದಂದು ನಾಡಿನ ಮೂಲೆಮೂಲೆಗೆ ಮುಟ್ಟಿಸಿದುದು ಬಾನುಲಿಯೇ. ಭೀಮಸೇನ ಜೋಶಿಯವರ ದಾಸವಾಣಿಯು ದಾಸರ ಹೆಸರನ್ನೇ ಅರಿಯದ ಪರಪ್ರಾಂತದವರನ್ನೂ ತಲೆದೂಗಿಸಿತು.

ಆದರೆ ಉಪಕಾರದ ಜೊತೆಯಲ್ಲಿಯೇ ಒಂದು ನಷ್ಟವೂ ಬಂದಿತು; ಅದನ್ನು ಹೇಳುವವರು ಕಡಿಮೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳ ಅವಕಾಶ. ಬಾನುಲಿಯ ವೇಳಾಪಟ್ಟಿಯು ಅದಕ್ಕಿಂತ ಉದಾರವಾದುದಾದರೂ ಗಡಿಯಾರಕ್ಕೆ ಅಧೀನ. ಕಾಲುಗಂಟೆ ಅರ್ಧಗಂಟೆಯ ಅಳತೆಗೆ ದೇವರನಾಮವು ಒಗ್ಗುತ್ತದೆ, ಸುಳಾದಿಯು ಒಗ್ಗುವುದಿಲ್ಲ. ಹೀಗಾಗಿ ವಿಜಯದಾಸರ ದಿನದಂದು ಅವರ ಕೀರ್ತಿಗೆ ಮೂಲವಾದ ಸುಳಾದಿಗಳೇ ಹಿಂದೆ ಸರಿದು ಚಿಕ್ಕ ಕೀರ್ತನೆಗಳು ಮುಂದೆ ಬಂದುವು. ಭಜನೆಯ ಮೇಳಗಳ ಪ್ರಾಣವೇ ಆಗಿಬಿಟ್ಟಿದ್ದ ಹಾರ್ಮೋನಿಯಂ 1940ರಿಂದ 1971ರವರೆಗೆ ಬಾನುಲಿಯಲ್ಲಿ ಬಹಿಷ್ಕೃತವಾಗಿತ್ತು. ಶ್ರುತಿಯ ಸೂಕ್ಷ್ಮಗಳನ್ನು ಅದು ಹೇಳಲಾರದೆಂಬ ಶಾಸ್ತ್ರಜ್ಞರ ವಾದವು ಸುಳ್ಳೆನ್ನಲಾಗದು. ಆದರೂ ಹಳ್ಳಿಯ ಮೇಳದವರು ತಮ್ಮ ವಾದ್ಯವನ್ನು ಬಾಗಿಲಲ್ಲಿಟ್ಟು ಒಳಗೆ ಬರಬೇಕಾದುದು ನ್ಯಾಯವೆನಿಸದು. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಮಟ್ಟುಗಳದು. ಊರಿಗೊಂದು, ಮನೆತನಕ್ಕೊಂದು ಇದ್ದ ಧಾಟಿಗಳು ಬಾನುಲಿಯ ಒಂದು ಪ್ರಸಿದ್ಧ ಧಾಟಿಯ ಮುಂದೆ ಅಳುಕಿದುವು. ಸೊಸೆಯು ಬಾನುಲಿಯ ಮಟ್ಟನ್ನು ಸರಿಯೆಂದಳು. ಅತ್ತೆಯು ತನ್ನ ಮಟ್ಟನ್ನು ತಪ್ಪೆಂದು ತಿಳಿದು ಸುಮ್ಮನಾದಳು.

ಹೇಳಿದುದನ್ನು ಹೇಳಿದಂತೆ ಕೇಳುವ ಜನ ಮಾತ್ರ ಎಲ್ಲಿಯೂ ಇಲ್ಲ. 1952ರಲ್ಲಿ ಮಂತ್ರಿಗಳಾದ ಬಿ. ವಿ. ಕೇಸ್ಕರರ ಕಾಲದಲ್ಲಿ ಸಿನಿಮಾ ಹಾಡುಗಳು ಬಾನುಲಿಯಿಂದ ಮರೆಯಾದಾಗ ಕೇಳುಗರು ಸೂಜಿಯನ್ನು ರೇಡಿಯೋ ಸಿಲೋನಿನತ್ತ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ತೊಡಗಿತು. ಆ ನಿಲಯದ ಮುಂಜಾನೆಯ ಹಳೆಯ ಹಾಡುಗಳ ಕಾರ್ಯಕ್ರಮವು 1947ರ ಜನವರಿಯಲ್ಲಿ ತೀರಿಹೋದ ಸೈಗಲ್‌ರ ಹಾಡಿನೊಂದಿಗೇ ಮುಗಿಯುತ್ತಿತ್ತು. ವರ್ಷಕ್ಕೊಮ್ಮೆಯ ಪುಣ್ಯದಿನವನ್ನು ದಿನನಿತ್ಯದ್ದನ್ನಾಗಿ ಮಾಡಿದುದು ಸಿಲೋನಿನ ಜಾಣ್ಮೆ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಹೂಡಿ ಸರಕಾರವೇ ಸೋಲೊಪ್ಪಿತು.

ಸಿಂಧನೂರು ತಾಲೂಕಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ನೆಲಸಿದ ಕ್ಯಾಂಪುಗಳಿವೆ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಆ ಬಂಗಾಳಿಗಳ ಮೂಲನಾಡಿನ ಒಂದು ವೃತ್ತಾಂತವು ಇಲ್ಲಿ ಉಚಿತವಾದುದು. ಮಹಾಲಯದ ಬೆಳಗಿನ ಜಾವ 4 ಗಂಟೆಗೆ ಕಲಕತ್ತೆಯ ಬಾನುಲಿಯು ಮಹಿಷಾಸುರಮರ್ದಿನಿ ಎಂಬ ಗೀತಮಾಲಿಕೆಯನ್ನು 1930ರ ದಶಕದಿಂದ ಬಿತ್ತರಿಸುತ್ತ ಬಂದಿದೆ; ನಡುನಡುವೆ ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ. 1976ರಲ್ಲಿ ಅದನ್ನು ತೆಗೆದು, ಚಿತ್ರನಟ ಉತ್ತಮಕುಮಾರರ ಧ್ವನಿಯಲ್ಲಿ ಹೊಸದೊಂದನ್ನು ಕೇಳಿಸಲಾಯಿತು. ಜನರು ಸಿಡಿದೆದ್ದರು, ಹಳೆಯದನ್ನೇ ಮರಳಿ ತರಬೇಕಾಯಿತು. ಗಮನಿಸಬೇಕಾದ ಮಾತೆಂದರೆ, ಈ ಮಾಲಿಕೆಯು ತಾರೀಖಿಗೆ ಕಟ್ಟುಬಿದ್ದುದಲ್ಲ, ತಿಥಿಯನ್ನು ಅನುಸರಿಸುವುದು. ಮತ್ತು ಅದರ ಉದ್ದವನ್ನು ಯಾರೂ ಕತ್ತರಿಸಲಿಲ್ಲ.

ದಾಸರ ಪದಗಳಿಗೆ ಆ ಭಾಗ್ಯವು ಒದಗಲಿಲ್ಲವಾದರೂ ಸಾಹಿತ್ಯವು ಉಳಿಯಿತು. ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನಲ್ಲಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲವನ್ನು ಕಟ್ಟಿ, ಮನೆಮನೆಯ ಹಸ್ತಪ್ರತಿಗಳನ್ನು ಅರಸಿ ದಾಸರ ಕೃತಿಗಳನ್ನು ಅಚ್ಚು ಹಾಕಿಸಿದರು. ಇಂತಹ ಸಂಗ್ರಹಗಳಲ್ಲಿ ಪದದ ನೆತ್ತಿಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಇರುವುವು, ಸ್ವರವಿರುವುದಿಲ್ಲ. ಆ ಹೆಸರಿನ ಕೆಳಗೆ ಇಲ್ಲಿ ಹಾಡುತ್ತಿದ್ದುದು ಯಾವ ಧಾಟಿಯೆಂಬುದನ್ನು ಬಲ್ಲವರು ಆರಾಧನೆಯ ಇರುಳಿನಲ್ಲಿ ತಾಳ ಹಿಡಿದು ಕುಳಿತ ಮುದುಕರೂ, ಒಳಮನೆಯ ಮುದುಕಿಯರೂ. ರಾಯಚೂರಿನ ನಿಲಯವು ಅವರ ಮನೆಗಳಿಂದ ಒಂದು ಹಗಲಿನ ಹಾದಿಯಲ್ಲಿದೆ.