ಕೇಶಿರಾಜನ ಸಂಜ್ಞೆಗಳೂ ಜರ್ಮನ್ ಪಂಡಿತರೂ

ಗುಂಡ್ಲುಪೇಟೆಯಿಂದ ತೆಂಕಮುಖವಾಗಿ ಹೊರಟವನು ಬಂಡೀಪುರದ ಅಡವಿಯನ್ನು ಕಳೆದು ನೀಲಗಿರಿಯನ್ನು ಸೇರುವನು. ಪಡುವಣ ದಾರಿಯನ್ನು ಹಿಡಿದವನು ವಯನಾಡನ್ನು ಮುಟ್ಟುವನು. ಚಾಮರಾಜನಗರದಿಂದ ಆಗ್ನೇಯಕ್ಕೆ ಘಟ್ಟವನ್ನಿಳಿದರೆ ಸತ್ಯಮಂಗಲದ ತಮಿಳುಸೀಮೆಯು. ಕಲ್ಲು, ಕಣ್ಣು, ಮೀನು ಎಂಬ ಶಬ್ದಗಳು ಘಟ್ಟದ ಮೇಲೂ ಕೆಳಗೂ ಅಲ್ಪ ರೂಪಭೇದದಿಂದ ಸಲ್ಲುವುದನ್ನು ಈ ಸೀಮೆಯ ಜನರು ಸಂತೆಯಲ್ಲಿಯೇ ಅರಿತಿರುವರು. ಆದರೆ ಅದರ ಕಾರಣವನ್ನು ಶೋಧಿಸಿ ಶಾಸ್ತ್ರದಲ್ಲಿ ನಿಲ್ಲಿಸುವ ಕಾರ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ಅದರಲ್ಲಿ ಜರ್ಮನ್ ಪಂಡಿತರ ಪಾಲು ದೊಡ್ಡದು.

ಅವರು ಬರುವುದಕ್ಕೆ ಆರುನೂರು ವರ್ಷಗಳ ಹಿಂದೆಯೇ, ಕ್ರಿ. ಶ. ೧೨೬೦ರ ಸುಮಾರಿನಲ್ಲಿ, ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ್ದನು. ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಲ್ಲಿ ಕನ್ನಡನುಡಿಯ ನಡೆಯನ್ನು ಆತನು ಬಿಗಿದಿರಿಸಿದನು. ಆದುದರಿಂದ ಕನ್ನಡಕ್ಕೆ ವ್ಯಾಕರಣವನ್ನು ಪಾಶ್ಚಾತ್ಯರು ಕೊಟ್ಟರೆಂಬ ಮಾತು ಸರ್ವಥಾ ಸಲ್ಲದು. ಯೂರೋಪಿನವರೇ ಸಂಧಿ, ತತ್ಪುರುಷ, ಬಹುವ್ರೀಹಿ ಎಂಬ ಭಾರತೀಯ ಸಂಜ್ಞೆಗಳನ್ನು ಇದ್ದಂತೆಯೇ ಎತ್ತಿಕೊಂಡರು. ಧಾತುವಿನ ಸ್ವರವು ಮಾರ್ಪಡುವುದಕ್ಕೆ ಯಾಕೋಬ್ ಗ್ರಿಮ್ಮರು ಅಬ್ಲೌಟ್ ಎಂಬ ಜರ್ಮನ್ ಹೆಸರನ್ನು ರೂಢಿಗೆ ತಂದರೆ, ಫ್ರಾನ್ಸ್ ಬೋಪ್ಪರು ಗುಣ, ವೃದ್ಧಿಗಳೆಂಬ ಪಾಣಿನಿಯ ಹೆಸರುಗಳನ್ನೇ ಬಳಸಿದರು.

ಹೀಗಿದ್ದರೂ ಪ್ರಾಚೀನರ ಸಂಜ್ಞೆಗಳಲ್ಲಿ ಒಂದು ಕೊರತೆಯಿದ್ದಿತು. ತತ್ಸಮ, ತದ್ಭವ, ದೇಶ್ಯ ಎಂಬ ಮೂರೂ ಒಂದೇ ದಿಕ್ಕನ್ನು ನೋಡುವುವು: ಸಂಸ್ಕೃತದಿಂದ ಹಾಗೆಯೇ ಬಂದುದು, ಮಾರ್ಪಟ್ಟು ಬಂದುದು, ಬಾರದೆ ಇಲ್ಲಿಯೇ ಇದ್ದುದು. ಇಲ್ಲಿಂದ ಸಂಸ್ಕೃತಕ್ಕೆ ಹೋದುದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ವಸ್ತುವು ಎದುರಿಗಿದ್ದರೂ ವಿದ್ವಾಂಸನ ಕಣ್ಣಿಗೆ ಬೀಳುವುದು ಕಷ್ಟ. ಮಲೆಯಾಳದಲ್ಲಿ ಬಹುಕಾಲ ದುಡಿದ ಹರ್ಮನ್ ಗುಂಡರ್ಟರು ಸಂಸ್ಕೃತದಲ್ಲಿರುವ ದ್ರಾವಿಡ ಶಬ್ದಗಳನ್ನು ಕುರಿತು ೧೮೬೯ರಲ್ಲಿ ಜರ್ಮನ್ ಭಾಷೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಫರ್ಡಿನಂಡ್ ಕಿಟ್ಟೆಲರು ೧೮೭೨ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅದೇ ವಿಷಯವನ್ನೆತ್ತಿಕೊಂಡು, ಮುಂದೆ ತಮ್ಮ ನಿಘಂಟಿನ ಪೀಠಿಕೆಯಲ್ಲಿ ಅಂತಹ ಶಬ್ದಗಳ ಉದ್ದವಾದ ಪಟ್ಟಿಯನ್ನೇ ಕೊಟ್ಟರು. ಸಂಸ್ಕೃತದ ಮೀನ ಶಬ್ದವನ್ನೇ ನೋಡಬಹುದು. ಕನ್ನಡದ ಮೀನು ಅದರ ತದ್ಭವವೆಂದು ಎಣಿಸುವುದು ಸುಲಭ. ಆದರೆ ದ್ರಾವಿಡಭಾಷೆಗಳಲ್ಲೆಲ್ಲ ಹಬ್ಬಿರುವ ಈ ಶಬ್ದವೇ ಸಂಸ್ಕೃತವನ್ನು ಸೇರಿತೆಂಬುದು ಈಗ ಬಹುಮಂದಿ ವಿದ್ವಾಂಸರ ಮತವಾಗಿದೆ. ಕಿಟ್ಟೆಲರ ಪಟ್ಟಿಯಲ್ಲಿದ್ದುದೆಲ್ಲವೂ ನಿಂತಿಲ್ಲ. ಕೆಲವನ್ನು ಮುಂದಿನವರು ತಳ್ಳಿಹಾಕಿದರು. ಆದರೆ ದಾರಿಯು ಎರಡು ಕಡೆಗೂ ಉಂಟೆಂಬುದು ಸಿದ್ಧವಾಯಿತು.

ಕಿಟ್ಟೆಲರು ೧೮೩೨ರಲ್ಲಿ ಹುಟ್ಟಿ ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಈ ದೇಶಕ್ಕೆ ಬಂದವರು. ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಮುಗಿಸಿದರು. ಅದರಲ್ಲಿ ಯಳಂದೂರಿನ ಷಡಕ್ಷರದೇವನ ರಾಜಶೇಖರವಿಳಾಸದ ಪ್ರಯೋಗಗಳೂ ಬಸವಪುರಾಣದ ಪ್ರಯೋಗಗಳೂ ಉದಾಹೃತವಾಗಿವೆ. ಜೈನನು ಬರೆದ ವ್ಯಾಕರಣ, ಅದಕ್ಕೆ ಲಿಂಗಣಾರಾಧ್ಯನ ಟೀಕೆ, ಅದನ್ನು ಅಚ್ಚಿಗೆ ಸಿದ್ಧಪಡಿಸಿದವನು ಕ್ರೈಸ್ತ ಪಾದ್ರಿ! ೧೯೦೩ರಲ್ಲಿ, ತಾವು ತೀರಿಕೊಂಡ ವರ್ಷವೇ, ಹೊರಬಂದ ವ್ಯಾಕರಣದಲ್ಲಿಯೂ ಅವರು ಕೇಶಿರಾಜನ ಸಂಜ್ಞೆಗಳನ್ನು ಬಿಡಲಿಲ್ಲ.

ಇವರು ಮತಪ್ರಚಾರಕ್ಕಾಗಿ ಬಂದವರಲ್ಲವೇ ಎಂದು ಭಕ್ತರು ಕೇಳಬಹುದು. ಹೌದು, ಅದನ್ನು ಅವರೂ ಮರೆಮಾಡಲಿಲ್ಲ, ಮರೆಮಾಡಬೇಕಾದ ಕಾರಣ ಇಂದಿನವರಿಗೂ ಇಲ್ಲ. ಹರ್ಮನ್ ಮೋಗ್ಲಿಂಗರು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ ೧೮೪೮ರಿಂದ ಮುಂದಕ್ಕೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು, ತಾವು ಬೋಧಿಸಬೇಕಾದ ಜನರ ಮನಸ್ಸನ್ನು ಅರಿಯುವುದಕ್ಕಾಗಿಯೂ ಹೌದು. ಉದ್ದೇಶವು ಅವರದು, ಗ್ರಂಥವು ಮಾತ್ರ ಓಲೆಗರಿಯಿಂದ ಬಿಡುಗಡೆ ಹೊಂದಿ ಓದುವವರೆಲ್ಲರ ಕೈಸೇರಿತು. ತಮ್ಮ ಪುರಾಣವನ್ನು ಪರಮತದವನು ಮೊದಲು ಅಚ್ಚು ಮಾಡಿಸಬೇಕಾಯಿತೆಂಬ ನಾಚಿಕೆಯನ್ನು ಮಠಗಳ ಪಂಡಿತರು ಒಪ್ಪಿಕೊಳ್ಳುವುದೇ ಒಳ್ಳೆಯದು.

ಕೇಶಿರಾಜನಿಗೆ ಮಾತ್ರ ನಾಚಿಕೆಯ ಪ್ರಸಂಗವಿಲ್ಲ. ಳಕಾರದಂತೆ ಕೇಳುವ ವರ್ಣಗಳನ್ನು ಆತನು ಮೂರಾಗಿ ವಿಂಗಡಿಸಿ ರಳ, ಕುಳ, ಕ್ಷಳ ಎಂದು ಹೆಸರಿಟ್ಟನು. ಇವುಗಳಲ್ಲಿ ರಳವೆಂಬ ೞಕಾರವು ಮುಂದೆ ಕನ್ನಡಿಗರ ಬಾಯಿಂದಲೂ ಬರಹದಿಂದಲೂ ಮರೆಯಾಗಿ, ಪಾಠಶಾಲೆಗಳಲ್ಲಿ ಬರಿಯ ಸೂತ್ರವಾಗಿ ಉಳಿಯಿತು. ಕಿಟ್ಟೆಲರು ಆತನ ಮಾತನ್ನು ನಂಬಿ, ತಮಿಳು ಮಲೆಯಾಳಗಳೊಡನೆ ಹೋಲಿಸಿ, ನಿಘಂಟಿನಲ್ಲಿ ಅದಕ್ಕೆ ಬೇರೆ ಸ್ಥಾನವನ್ನು ಕೊಟ್ಟರು. ಚಾಮರಾಜನಗರ, ಗುಂಡ್ಲುಪೇಟೆಗಳ ತೋಟಗಳಲ್ಲಿ ಬೆಳೆಯುವ ಬಾಳೆಯು ಹಳಗನ್ನಡದಲ್ಲಿ ಬಾೞೆ. ವಯನಾಡಿನಿಂದ ಬಂದ ವ್ಯಾಪಾರಿಯು ಅದನ್ನು ಇಂದಿಗೂ ‘ವಾೞ’ ಎನ್ನುವನು. ಕೇಶಿರಾಜನು ರಳವೆಂದು ಕರೆದ ಅಕ್ಷರವೇ ಅದು.